ಓರಗಿತ್ತಿಯ ಲ್ಯಾಟಿನ್ನು

ನನ್ನ ಓರಗಿತ್ತಿಗೆ ಲ್ಯಾಟಿನ್ ಬರುತ್ತದೆ. ಪೂರ್ತಿ ಅಲ್ಲ, ಗಿಡಮರಗಳ ಹೆಸರಿಗೆ ಬೇಕಾದಷ್ಟು. ಅಷ್ಟಕ್ಕೇ ನನ್ನ ಹೊಟ್ಟೆ ಉರಿಯುತ್ತದೆ.

ಅವಳು ತೀರ್ಥಹಳ್ಳಿಯಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ನಾನು ಹೊಸನಗರದ ಹೈಸ್ಕೂಲಿನಲ್ಲಿ ಸಂಸ್ಕೃತ. ನನ್ನ ಕ್ಲಾಸಿಗೆ ಮಕ್ಕಳು ಬರುವುದು ಮಾರ್ಕ್ಸಿನ ಆಸೆಗೆ. ಅವಳನ್ನಾದರೋ ಊರೂರಿನ ಶಾಲೆಯವರು ಮರಗಳಿಗೆ ಬೋರ್ಡು ಬರೆಸಲು ಕರೆಯುತ್ತಾರೆ. ರೋಮ್ ಸಾಮ್ರಾಜ್ಯ ಮಣ್ಣಾಗಿ ಯಾವ ಕಾಲವಾಯಿತು! ಲ್ಯಾಟಿನ್ನನ್ನು ಮನೆಯಲ್ಲಿ ಆಡುವವರು ಯಾರೂ ಇಲ್ಲ. ಆದರೂ ವಕೀಲರ ಬಾಯಲ್ಲಿ ಅದು, ಡಾಕ್ಟರ ಚೀಟಿಯಲ್ಲಿ ಅದು. ಕವಲೇದುರ್ಗದ ಬುಡದಲ್ಲಿ ಹೊಸ ಗಿಡ ಸಿಕ್ಕಿದರೂ ನಾಮಕರಣ ಲ್ಯಾಟಿನ್ನಿನಲ್ಲೇ. ಎರಡೂ ಸತ್ತ ಭಾಷೆ ಎನ್ನುತ್ತಾರಲ್ಲ, ಅದಕ್ಕೆ ಮಾತ್ರ ಯಾಕೆ ಈ ಪಾಟಿ ಮರ್ಯಾದೆ?

ಇದನ್ನೂ ಸಹಿಸಿಕೊಂಡೇನು. ನನ್ನ ಮಗಳನ್ನು ಅವಳು ಒಲಿಸಿಕೊಂಡದ್ದನ್ನು ಸಹಿಸಲಾರೆ. ತೊಡೆಯ ಮೇಲೆ ಕೂರಿಸಿಕೊಂಡು ಶಬ್ದರೂಪ ಬಾಯಿಪಾಠ ಮಾಡಿಸಿದವಳು ನಾನು. ಮಗಳು ಸಾಗರದ ಕಾಲೇಜಿನಲ್ಲಿ ಬಾಟನಿ ತೆಗೆದುಕೊಂಡದ್ದೇ ಸೈ, ಬಾಯಿ ಬಿಟ್ಟರೆ ಚಿಕ್ಕಮ್ಮ, ರಜೆ ಬಂದರೆ ಚಿಕ್ಕಮ್ಮನ ಮನೆ. ಓರಗಿತ್ತಿಗೆ ಮಕ್ಕಳಿಲ್ಲ. ಪಾಪ ಎನ್ನಬೇಕು, ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಈ ವರ್ಷ ರಿಪ್ಪನ್‌ಪೇಟೆ ಸಂತೆಯಿಂದ ಅಪ್ಪೆಮಿಡಿ ತಂದು, ಉಪ್ಪಿಗೆ ಹಾಕಲು ಮೂವರೂ ಕೂತಿದ್ದೆವು. ಮಗಳು ಒಂದು ಮಿಡಿ ಎತ್ತಿ ಮೂಸಿ, “ಮ್ಯಾಂಗಿಫೆರಾ ಇಂಡಿಕಾ” ಎಂದಳು, ಚಿಕ್ಕಮ್ಮನ ಮುಖ ನೋಡಿಕೊಂಡು.

“ಎಂತದು? ಮ್ಯಾಂಗಿ ಪೇರಲೆಯಾ?” ಎಂದೆ. “ಮಾವೋ ಪೇರಲೆಯೋ, ಯಾವ್ದಾದ್ರೂ ಒಂದು ಹೇಳ್ಲಿ ಆ ಲ್ಯಾಟಿನ್ನವ್ರು!”

ಇಬ್ಬರೂ ನಕ್ಕರು. ಒಟ್ಟಿಗೇ ನಕ್ಕದ್ದು ನನಗೆ ಚುಚ್ಚಿತು.

“ಪೇರಲೆ ಅಲ್ಲ ಅಕ್ಕಾ,” ಎಂದಳು ಓರಗಿತ್ತಿ. “ಮಲೆಯಾಳದ ಕಡೆ ಮಾಂಗಾ ಅಂತಾರಲ್ಲ, ಅದೇ ಮಾತು ಹಡಗು ಹತ್ತಿ ಹೋಗಿದ್ದು. ಫೆರಾ ಅಂದ್ರೆ ಹೊರೋದು. ಮಾವು ಹೊರೋ ಮರ.”

ಹೊರುವುದು! ನನ್ನ ಕೈ ಉಪ್ಪಿನಲ್ಲೇ ನಿಂತಿತು.

“ಅಯ್ಯೋ, ಅದು ನಮ್ಮ ಭೃ ಧಾತು ಕಣೇ! ಭರತಿ, ಭಾರ... ‘ಭ’ ಇದ್ದಲ್ಲಿ ‘ಫ’ ಬಂದಿದೆ ಅಷ್ಟೇ. ಸಂಸ್ಕೃತದ ಮಗಳು ನಿನ್ನ ಲ್ಯಾಟಿನ್ನು!”

“ಮಗಳಲ್ಲ ಅಕ್ಕಾ, ತಂಗಿ ಅಂತಾರೆ. ಇಬ್ರಿಗೂ ತಾಯಿ ಒಬ್ಳೇ.”

ನಾನು ಬಿಟ್ಟೇನೆ? “ಆಗ್ಲಿ, ಅಕ್ಕನೇ ಸೈ. ಸಪ್ತ, ಅಷ್ಟ, ನವ, ದಶ ಅನ್ನು. ಈಗ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್ ಅನ್ನು! ರೋಮಿನವ್ರಿಗೆ ಆಗ ವರ್ಷ ಶುರುವಾಗ್ತಿದ್ದದ್ದು ಮಾರ್ಚಿಗೆ, ಎಣಿಸಿ ನೋಡು!”

ಮಗಳು ಬಾಯಿ ಬಿಟ್ಟುಕೊಂಡು ಕೇಳಿದಳು. ಚಿಕ್ಕಮ್ಮನ ಪಕ್ಕದಿಂದ ಎದ್ದು, ಮಣೆ ಎಳೆದುಕೊಂಡು ಬಂದು ನನಗೆ ಒತ್ತಿ ಕೂತಳು.

“ಅಮ್ಮಾ, ಇನ್ನೊಂದು ಹೇಳೇ.”

ಎಷ್ಟು ವರ್ಷವಾಗಿತ್ತು ಅವಳು ಹಾಗೆ ಕೇಳಿ! ಗೆದ್ದೆ ಎಂದು ಓರಗಿತ್ತಿಯತ್ತ ನೋಡಿದೆ. ಅವಳು ಪಕ್ಕದ ಖಾಲಿ ಜಾಗ ನೋಡುತ್ತಿದ್ದಳು. ಆಮೇಲೆ ತಲೆ ತಗ್ಗಿಸಿ ಮಿಡಿ ಒರೆಸುತ್ತ, “ನಂಗೆ ತಿಂಗಳಿನ ವಿಷ್ಯ ಗೊತ್ತೇ ಇರ್ಲಿಲ್ಲ. ನಿನ್ನ ಅಮ್ಮನ ಹತ್ರಾನೇ ಕೇಳ್ಬೇಕು ನೋಡು ಇದನ್ನೆಲ್ಲ” ಎಂದಳು.

ಸುಳ್ಳು. ಅಕ್ಕ-ತಂಗಿಯ ಸಂಬಂಧ ಗೊತ್ತಿದ್ದವಳಿಗೆ ಡಿಸೆಂಬರ್ ಗೊತ್ತಿರುವುದಿಲ್ಲವೇ? ಬೇಕೆಂದೇ ಸೋತಳು. ಥೂ, ಅಷ್ಟು ದೊಡ್ಡ ಮನಸ್ಸೂ ಅವಳಿಗೇ ಇರಬೇಕೇ!