ಒಣಗಾಯಿ ತುಳಿದ ರವಿವಾರ

ಹಾವೇರಿಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡವನಿಗೆ ಮೋಡದ ಉಸಾಬರಿ ಯಾಕೆ ಎಂದು ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ಕೇಳುವುದು ಸರಿಯೇ. ಸೈಕಲ್ ಹೊಡೆಯುವ ಹುಚ್ಚಿದ್ದ ನಾವು ಏಳೆಂಟು ಮಂದಿ ಸೇರಿ ಈ ಕೆಲಸ ಮೈಮೇಲೆ ಎಳೆದುಕೊಂಡಿದ್ದೆವು. ಬಿಸಿಲು ಏರತೊಡಗಿದರೆ ಶನಿವಾರ, ರವಿವಾರ ಒಬ್ಬೊಬ್ಬರು ಒಂದೊಂದು ರಸ್ತೆ ಹಿಡಿಯುವುದು. ಸಿಡಿಲಿನ ಮೋಡ ಎಲ್ಲಿ ಎದ್ದಿದೆ, ಯಾವ ಕಡೆ ವಾಲಿದೆ ಎಂದು ಫೋನಿನಲ್ಲಿ ಒಬ್ಬರಿಗೊಬ್ಬರು ತಿಳಿಸುವುದು. ಹೊಲದಲ್ಲಿದ್ದವರಿಗೆ, ಗಿಡದ ಕೆಳಗೆ ನಿಂತ ಕುರಿಗಾರರಿಗೆ ಕೂಗಿ ಹೇಳುವುದು. ದಾರಿಯಲ್ಲಿ ಯಾರಿಗಾದರೂ ತೊಂದರೆಯಾಗಿದ್ದರೆ ಕೈಲಾದದ್ದು ಮಾಡುವುದು. ಯಾರೂ ನಮ್ಮನ್ನು ಕರೆದಿರಲಿಲ್ಲ, ಯಾರೂ ಬೇಡ ಅಂದಿರಲೂ ಇಲ್ಲ.

ಯುಗಾದಿಗೆ ಇನ್ನೂ ಹತ್ತು ದಿನ ಇದ್ದ ಒಂದು ಶನಿವಾರ ನಾನು ರಾಣೆಬೆನ್ನೂರಿನ ರಸ್ತೆ ಹಿಡಿದೆ. ಮೋಡದ ಚೂರೂ ಇರಲಿಲ್ಲ. ಅರ್ಧ ದಾರಿಯಲ್ಲಿ ಒಬ್ಬಾತ ಚಾಲೂ ಆಗದ ಬೈಕಿನ ಪಕ್ಕ ಬೆವರುತ್ತ ನಿಂತಿದ್ದ. ಸೈಕಲ್ ಬೇಲಿಗೆ ಆನಿಸಿ, ಹಿಂದಿನಿಂದ ನೂಕಿದೆ. ಒಂದು ಫರ್ಲಾಂಗು ಓಡಿದ ಮೇಲೆ ಬೈಕು ಕೆಮ್ಮಿತು, ಗುಡುಗಿತು, ಹೋಗಿಯೇ ಬಿಟ್ಟಿತು. ಆತ ತಿರುಗಿಯೂ ನೋಡಲಿಲ್ಲ. ನಾನು ಬಿಸಿಲಲ್ಲಿ ನನ್ನ ಸೈಕಲ್ ಇದ್ದಲ್ಲಿಗೆ ನಡೆದುಕೊಂಡು ಬಂದೆ.

ರಾಣೆಬೆನ್ನೂರಿನಲ್ಲಿ ಚಿಕ್ಕವ್ವನ ಮನೆಯಲ್ಲಿ ಉಳಿದೆ. ಕಥೆ ಕೇಳಿ ಚಿಕ್ಕವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಳು.

"ಮಂದಿ ಗಾಡಿ ನೂಕಾಕ ಹೋಗಿ ನಿನ್ನ ಗಾಡಿ ಬಿಟ್ಟ ಬಂದೀಯಲ್ಲೋ! ನಿಮ್ಮಪ್ಪಂದೂ ಇದ ಗುಣ. ಕರದ್ರ ಹೋಗ್ತಿರಲಿಲ್ಲ, ಕರೀಲಿಲ್ಲಂದ್ರ ಓಡತಿದ್ದ."

ಮರುದಿನ ಮಧ್ಯಾಹ್ನದ ಹೊತ್ತಿಗೆ ಬ್ಯಾಡಗಿ ದಾಟಿ ಕಾಗಿನೆಲೆಯ ಕಡೆ ಹೊರಟಿದ್ದೆ. ಹಿಂದೆ ಮೂಡಣದಲ್ಲಿ ಆಕಾಶ ಇದ್ದಕ್ಕಿದ್ದಂತೆ ಹಂಚಿನ ತಳದಂತೆ ಕಪ್ಪಾಯಿತು. ಗುತ್ತಲದ ರಸ್ತೆ ಹಿಡಿದಿದ್ದ ಗೆಳೆಯ ಫೋನಿನಲ್ಲಿ ಚೀರಿದ: "ಇಲ್ಲೆ ಆಣಿಕಲ್ಲ ಬೀಳಾಕತ್ತಾವ! ನಿನ್ನ ಕಡೀನ ಹೊಂಟೈತಿ. ಲಗೂನ ಹೇಳು ಮಂದಿಗೆ!"

ಫೋನಿನ ನಕಾಶೆಯಲ್ಲೂ ಕೆಂಪು ಕಲೆ ನನ್ನ ಕಡೆಗೇ ಸರಿಯುತ್ತಿತ್ತು. ತಲೆ ಎತ್ತಿದರೆ ರಸ್ತೆಯ ಪಕ್ಕದಲ್ಲೇ ಇನ್ನೊಂದು ಕೆಂಪು: ಒಂದು ಕಣದ ತುಂಬ ಹರವಿದ ಮೆಣಸಿನಕಾಯಿ. ನಲವತ್ತು ದಾಟಿದ ಹೆಣ್ಣುಮಗಳೊಬ್ಬರು ಬರಿಗಾಲಲ್ಲಿ ಸಾಲು ಎಳೆಯುತ್ತ ಕಾಯಿ ಹೊರಳಿಸುತ್ತಿದ್ದರು. ಬೇವಿನ ಗಿಡದ ನೆರಳಲ್ಲಿ ಕಣ್ಣಿಗೆ ಪೊರೆ ಬಂದ ಮುದುಕಿ, ಅವರ ಅತ್ತೆ, ಕಾಲು ಚಾಚಿ ಕೂತಿದ್ದಳು.

"ಅಕ್ಕಾರ, ಮಳಿ ಬರಾಕತ್ತೈತ್ರಿ! ಕಾಯಿ ತಗೀರಿ!"

ಆ ಅಕ್ಕ ಆಕಾಶ ನೋಡಿದರು. "ಎಷ್ಟೊತ್ತಿನ್ಯಾಗ ಬರ್ತೈತ್ರಿ?"

"ಅರ್ಧಾ ತಾಸು. ಹೆಚ್ಚಂದ್ರ ಮುಕ್ಕಾಲು."

"ಮಳಿ ಇಲ್ಲ ಏನಿಲ್ಲ," ಎಂದಳು ಅಜ್ಜಿ. "ಗಾಳಿ ತೆಂಕಲಕ ಹೊಂಟೈತಿ. ಯಾರಬೇ ಅಂವ?"

"ಸೈಕಲ್ ಮ್ಯಾಲೆ ಬಂದಾರತ್ತಿ. ಫೋನಿನ್ಯಾಗ ನೋಡಿ ಹೇಳಾಕತ್ತಾರ."

"ಯಾವೂರಪಾ ತಮ್ಮಾ?"

"ಹಾವೇರಿಯಂವಬೇ ಅಜ್ಜಿ."

"ಹಾವೇರಿಯಾಗ ಈಗ ಮ್ವಾಡಾನೂ ತೂಕ ಮಾಡಿ ಮಾರತಾರೇನು?"

ಸೊಸೆ ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಲ್ಲಗೆ ಹೇಳಿದರು: "ನಾಳಿ ಸ್ವಾಮಾರ ಬ್ಯಾಡಗಿ ಪ್ಯಾಟಿಗೆ ಹೋಗೂ ಕಾಯಿರಿ ಇದು. ಇದು ಕೆಟ್ಟರ ಹೊಲ ನನ್ನ ಕೈಯಾಗ ಉಳಿಯೂದಿಲ್ರಿ ಅಣ್ಣಾರ."

ಎರಡೇ ಮಾತಿನಲ್ಲಿ ತಿಳಿಸಿದರು. ಹಿಂದಿನ ವರ್ಷ ಗಂಡ ತೀರಿಕೊಂಡಿದ್ದ. ಪಕ್ಕದ ಮನೆಯ ಭಾವ, ಅಂದರೆ ಗಂಡನ ಅಣ್ಣ, 'ಒಬ್ಬಾಕಿ ಕಡಿಂದ ಆಗೂದಲ್ಲ, ಹೊಲ ನಾ ಮಾಡ್ತೇನಿ' ಎಂದಿದ್ದ. ಒಂದು ವರ್ಷ ನೋಡಿರಿ ಎಂದು ಇವರು ಬೇಡಿಕೊಂಡಿದ್ದರು. ಆ ಒಂದು ವರ್ಷ ನನ್ನ ಕಾಲಬುಡದಲ್ಲಿ ಹರವಿಕೊಂಡು ಬಿದ್ದಿತ್ತು. ಭಾವ ಅಂದು ಕರ್ಜಗಿಗೆ ಮದುವೆಗೆ ಹೋಗಿದ್ದ. ಬೆಳಗ್ಗೆ ಟ್ರ್ಯಾಕ್ಟರ್ ತರುವವನಿದ್ದ.

"ತಾಡಪಾಲ ಹಿಂದ ಬಣವಿ ಮ್ಯಾಲೆ ಐತಿ, ತರ್ತೇನಿ. ನೀವು ಕಾಯಿ ಗುಂಪಿ ಮಾಡ್ರಿ," ಎಂದು ಹೇಳಿ ಮನೆಯ ಹಿಂದಕ್ಕೆ ಓಡಿದರು.

ಚಪ್ಪಲಿ ಬಿಟ್ಟು, ಟವೆಲ್ಲು ಮೂಗಿಗೆ ಕಟ್ಟಿ, ಕೈಕಾಲಿಂದ ಕಾಯಿ ಎಳೆದು ಗುಂಪು ಹಾಕಿದೆ. ಅಷ್ಟಕ್ಕೇ ನಿಂತಿದ್ದರೆ ಆಗಿತ್ತು. ಆದರೆ ಗೋಡೆಗೆ ಒರಗಿಸಿದ ಖಾಲಿ ಚೀಲಗಳು ಕಣ್ಣಿಗೆ ಬಿದ್ದವು. ಒಂದು ತಾಡಪಾಲು ಮಳೆಗಾಳಿಗೆ ನಿಲ್ಲುತ್ತದೆಯೇ? ಚೀಲ ತುಂಬಿದರೆ ಪಡಸಾಲೆಗಾದರೂ ಎಳೆಯಬಹುದು. ಚೀಲದೊಳಗೆ ಮನುಷ್ಯ ಇಳಿದು ನಿಂತು ಕಾಯಿ ತುಳಿದು ತುಂಬುವುದನ್ನು ಈ ಭಾಗದಲ್ಲಿ ನೋಡದವರು ಯಾರಿದ್ದಾರೆ? ನಾನೂ ಚಿಕ್ಕಂದಿನಿಂದ ನೋಡಿದವನೇ. ಹಾಗಾಗಿ ಇಳಿದೆ, ತುಳಿದೆ. ಕಣ್ಣಲ್ಲಿ ನೀರು, ಸೀನಿನ ಮೇಲೆ ಸೀನು. ದೂರದಲ್ಲಿ ಗುಡುಗು. ಒಂದು ಚೀಲ, ಎರಡು, ಮೂರು. ಅಂಗಡಿಯಲ್ಲಿ ಕೂತು ಕೂತು ಜಡವಾದ ಮೈಗೆ ಎಲ್ಲಿಂದಲೋ ಬಲ ಬಂದಿತ್ತು.

"ಯಾರಬೇ ಅದು, ಹಪ್ಪಳ ಮುರಿಯಾಕತ್ತವರು?" ಎಂದಳು ಅಜ್ಜಿ.

ಇದೂ ಚೇಷ್ಟೆ ಎಂದುಕೊಂಡೆ. "ಹಪ್ಪಳ ಅಲ್ಲಬೇ ಅಜ್ಜಿ, ಚೀಲ ತುಂಬಾಕತ್ತೇನಿ!" ಎಂದು ಐದನೆಯದಕ್ಕೆ ಇಳಿದೆ.

ಅಜ್ಜಿ ಗಿಡ ಹಿಡಿದು ಎದ್ದು ನಿಂತಳು. "ತುಳದೇನೋ? ಒಣಾ ಕಾಯಿ, ಬಿಸಲಾಗಿಂದು, ತುಳದೇನೋ ತಮ್ಮಾ?"

ಆಗ ನನ್ನ ಕಿವಿಗೂ ಆ ಸದ್ದು ಬಿತ್ತು.

ಗರಿಗರಿಯಾದ ಕಾಯಿಯನ್ನು ಯಾರೂ ತುಳಿಯುವುದಿಲ್ಲವಂತೆ. ರಾತ್ರಿಯ ಇಬ್ಬನಿಗೆ ಅದು ಚರ್ಮದ ಹಾಗೆ ಮೆತ್ತಗಾಗಬೇಕು. ನಸುಕಿನಲ್ಲಿ, ಬಿಸಿಲು ಬೀಳುವ ಮುನ್ನ ತುಂಬಬೇಕು. ಹುಟ್ಟಿದಾಗಿನಿಂದ ಈ ಕಾಯಿಯ ಖಾರ ತಿಂದವನು ನಾನು. ತುಳಿಯುವುದನ್ನು ನೋಡಿದ್ದೆ, ಅದರ ಹೊತ್ತನ್ನು ನೋಡಿರಲಿಲ್ಲ.

ಬಣವಿಗೆ ಬಿಗಿದ ಹಗ್ಗ ಬಿಚ್ಚುವುದರಲ್ಲೇ ಹೊತ್ತು ಕಳೆದು, ಅಕ್ಕ ತಾಡಪಾಲು ಎಳೆದುಕೊಂಡು ಬಂದವರು ಚೀಲಗಳನ್ನು ಕಂಡು ನಿಂತರು. ಒಂದರೊಳಗೆ ಕೈ ಹಾಕಿ ಮುಷ್ಟಿ ತುಂಬ ತೆಗೆದರು. ಬೆರಳ ಸಂದಿಯಿಂದ ಬೀಜ ಸುರಿಯಿತು. ಅಂಗೈಯಲ್ಲಿ ಉಳಿದದ್ದು ಚೂರು, ಬಿಡಿ ತೊಟ್ಟು.

"ಎಷ್ಟ ಚೀಲ ಆದೂರಿ?"

"ಐದು."

"ಐದು," ಎಂದರು ಅವರೂ, ಲೆಕ್ಕ ಕಲಿಯುವವರ ಹಾಗೆ.

ಬೈದಿದ್ದರೆ ನನಗೆ ನಿಲ್ಲಲು ಒಂದು ಜಾಗ ಸಿಗುತ್ತಿತ್ತು. ಅವರು ಬೈಯಲಿಲ್ಲ. ಇಬ್ಬರೂ ಸೇರಿ ಉಳಿದ ಗುಂಪಿಗೆ ತಾಡಪಾಲು ಹೊದಿಸಿ ಅಂಚಿಗೆ ಕಲ್ಲು ಹೇರಿದೆವು. ಗಾಳಿ ಬಂತು, ಧೂಳು ಬಂತು. ತಾಡಪಾಲಿನ ಮೇಲೆ ಟಪ್ಪೆಂದು ನಾಲ್ಕು ಹನಿ ಬಿದ್ದವು. ಐದನೆಯದಕ್ಕೆ ಕಾಯುತ್ತ ನಿಂತೆವು. ದೇವರಾಣೆ ಹೇಳುತ್ತೇನೆ, ಆ ಗಳಿಗೆಯಲ್ಲಿ ನಾನು ಮಳೆ ಬರಲಿ ಎಂದು ಬೇಡಿಕೊಂಡೆ. ಹಾಳಾದ ಮಳೆ ಸುರಿದಿದ್ದರೆ ನನ್ನ ತಪ್ಪಿಗೊಂದು ಅರ್ಥವಾದರೂ ಇರುತ್ತಿತ್ತು. ಮೋಡ ನಮ್ಮ ನೆತ್ತಿಯ ಅಂಚನ್ನು ಸವರಿ ತೆಂಕಲಕ್ಕೆ ಹೊರಳಿತು.

ಫೋನು ರಿಂಗಾಯಿತು. ಚಿಕ್ಕವ್ವ. "ಎಲ್ಲಿದ್ದೀಯೋ? ಇಲ್ಲಿ ರಾಣೆಬೆನ್ನೂರಾಗ ಧೋ ಅಂತ ಹೊಡಿಯಾಕತ್ತೈತಿ. ನೀ ತೋಯ್ದಿಲ್ಲಲಾ?"

"ಇಲ್ಲಬೇ," ಎಂದೆ. "ನಾ ಒಣಾ ಅದೇನಿ."

ಮರುದಿನ ಅಂಗಡಿ ತೆರೆಯದೆ ಬಸ್ಸು ಹಿಡಿದು ಬ್ಯಾಡಗಿಗೆ ಹೋದೆ. ಭಾವನ ಎದುರು ನಿಂತು, ತಪ್ಪು ನನ್ನದು, ಈ ಅಕ್ಕಂದಲ್ಲ ಎಂದು ಹೇಳಬೇಕು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಪೇಟೆಯಲ್ಲಿ ಚೀಲಗಳ ನಡುವೆ ಹುಡುಕಾಡಿ ಅವರಿಬ್ಬರನ್ನು ಕಂಡೆ. ಏಳು ಚೀಲ ಚೆನ್ನಾಗಿದ್ದವು, ನಸುಕಿನಲ್ಲಿ ಅಕ್ಕನೇ ತುಂಬಿದಂಥವು. ನೋಡಲು ಬಂದ ವ್ಯಾಪಾರಿ ಎಂಟನೆಯದಕ್ಕೆ ಕೈ ಹಾಕಿದ, ತೆಗೆದ, ಕೈ ಜಾಡಿಸಿದ.

ಭಾವ ವ್ಯಾಪಾರಿಯನ್ನು ನೋಡಲಿಲ್ಲ, ತಮ್ಮನ ಹೆಂಡತಿಯನ್ನು ನೋಡಿದ. "ಏನವಾ ಇದು?"

"ಮಳಿ ಬರ್ತೈತಂತ ಅವಸರ ಮಾಡಿದ್ನಿರಿ."

"ಮಳಿ ಎಲ್ಲಿ ಬಂತು?"

ಅವರು ಬಗ್ಗಿ ಚೀಲದ ಬಾಯಿ ಕಟ್ಟತೊಡಗಿದರು. ನಾನು ಮುಂದೆ ಬಂದು "ಅಣ್ಣಾರ, ಅದು..." ಎಂದೆ. ಅಕ್ಕ ನನ್ನ ಕಡೆ ತಿರುಗಿದರು. ಎಂದೂ ನೋಡದವರನ್ನು ನೋಡುವ ಹಾಗೆ ನೋಡಿ, "ಹಾದಿ ಬಿಡ್ರಿ ಅಣ್ಣಾರ, ಚೀಲ ಸರಸಬೇಕು," ಎಂದರು.

ಹಾದಿ ಬಿಟ್ಟೆ. ಎರಡು ಹೆಜ್ಜೆ ಹಿಂದೆ ಸರಿದ ಮೇಲೆ ತಿಳಿಯಿತು. ಅವಸರ ಮಾಡಿದ ಹೆಂಗಸು ಎಂದರೆ ಒಂದು ಮಾತು. ಸೈಕಲ್ ಮೇಲೆ ಬಂದ ಯಾವನೋ ಗುರುತಿಲ್ಲದವನ ಮಾತು ಕೇಳಿ, ಕಣ ಅವನ ಕೈಗೆ ಬಿಟ್ಟು ಹೋದವಳು ಎಂದರೆ ಇನ್ನೊಂದು. ನನ್ನ ಸತ್ಯದಿಂದ ಅವರಿಗೆ ಅಂಟುವುದು ಎರಡನೆಯದು. ಜೋಡಿಸಿಕೊಂಡ ಮಾತು ನುಂಗಿಕೊಂಡು ಬಸ್ ನಿಲ್ದಾಣಕ್ಕೆ ನಡೆದೆ.

ಮಳೆಗಾಲ ಹಿಡಿದ ಮೇಲೆ ಆ ರಸ್ತೆಗೆ ಹೋಗದಿರಲು ಬಹಳ ನೆಪ ಹುಡುಕಿದೆ. ಕೊನೆಗೆ ಒಂದು ರವಿವಾರ ಹೋದೆ. ಹೊಲದ ತುಂಬ ಗೋವಿನಜೋಳ ಮೊಣಕಾಲೆತ್ತರ ನಿಂತಿತ್ತು, ಟ್ರ್ಯಾಕ್ಟರ್ ಬಿತ್ತಿದ ಸೀದಾ ಸಾಲು. ಸೈಕಲ್ ಗಂಟೆಯ ಸದ್ದಿಗೆ ಅಜ್ಜಿ ಕಟ್ಟೆಯ ಮೇಲಿನಿಂದ ಕೂಗಿದಳು.

"ಹಪ್ಪಳದ ತಮ್ಮನೇನು?"

"ಹೌದಬೇ ಅಜ್ಜಿ."

ಅಕ್ಕ ಒಳಗಿನಿಂದ ಬಂದರು. ನೀರು ಕೊಟ್ಟರು, ಚಹಾ ಕೊಟ್ಟರು. ನಾನು ಹೊಲದ ಕಡೆ ನೋಡಿದ್ದನ್ನು ಕಂಡು, "ಈ ಸಲ ಭಾವಾರ ಮಾಡಾಕತ್ತಾರ್ರಿ," ಎಂದರು. "ನಾ ಕಸಾ ತಗ್ಯಾಕ ಹೊಕ್ಕೇನಿ, ಆಳಿನ ಜೋಡಿ."

ಏನಾದರೂ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಮಳಿ ಈ ಸಲ ಛಲೋ ಆಗೈತ್ರಿ."

"ಹೂಂನ್ರಿ, ಆಗೈತಿ."

ಹೊರಡುವಾಗ ಒಂದು ಡಬ್ಬಿ ತಂದು ಕೈಗಿಟ್ಟರು. "ಆ ಚೀಲದ ತಳದಾಗಿನ ಚೂರು ಯಾರೂ ತಗೊಳ್ಳಲಿಲ್ರಿ. ಕುಟ್ಟಿಸಿ ಖಾರ ಮಾಡೀನಿ. ತಗೊಳ್ರಿ, ನೀವು ದುಡದದ್ದು."

"ಬ್ಯಾಡ ಅನಬ್ಯಾಡೋ," ಎಂದಳು ಅಜ್ಜಿ. "ಅರ್ಧಾ ನೀನ ಕುಟ್ಟಿ ಕೊಟ್ಟೀದಿ."

ಅಕ್ಕ ಆ ದಿನ ಮೊದಲ ಸಲ ನಕ್ಕರು. ನಾನೂ ನಗಬೇಕಾಯಿತು. ಡಬ್ಬಿಯನ್ನು ಸೈಕಲ್ ಚೀಲದಲ್ಲಿ ಪಂಕ್ಚರ್ ಸಾಮಾನಿನ ಪಕ್ಕ ಇಟ್ಟುಕೊಂಡು ಹಾವೇರಿಗೆ ಬಂದೆ.

ನಮ್ಮ ಮನೆಯ ಪಲ್ಯ ಈಗ ಅದೇ ಖಾರದ್ದು. "ಏನ್ ಬಣ್ಣಾರಿ ಇದರದ್ದು! ಎಲ್ಲಿಂದು, ಇನ್ನೊಂದ ಡಬ್ಬಿ ತರ್ರಿ," ಎನ್ನುತ್ತಾಳೆ ಹೆಂಡತಿ. ತರುತ್ತೇನೆ ಎನ್ನುತ್ತೇನೆ. ರೊಟ್ಟಿ ಮುರಿದು ಬಾಯಿಗಿಟ್ಟುಕೊಳ್ಳುತ್ತೇನೆ. ಕಣ್ಣಲ್ಲಿ ನೀರು ಬಂದರೆ ಖಾರ ಜಾಸ್ತಿಯಾಯಿತೇನೋ ಎಂದು ಅವಳು ಮೊಸರು ಮುಂದಕ್ಕೆ ಸರಿಸುತ್ತಾಳೆ.