ಗಡಿಗೆಗೆ ಕಿವಿ ಹಚ್ಚುವ ಮಕ್ತುಂಬೀ

ಮಸ್ಕಿ ಬಸ್ ನಿಲ್ದಾಣದ ಹಿಂಭಾಗ. ಬೆಳಗಿನ ಆರು ಗಂಟೆ. ಚಳಿ ಹಲ್ಲು ಕಟಕಟಿಸುವಷ್ಟಿದೆ. ಐವತ್ತೆಂಟರ ಮಕ್ತುಂಬೀ ನೆಲಕ್ಕೆ ಮೊಣಕಾಲೂರಿ, ಹೊಗೆಯಾಡುವ ಭತ್ತದ ಹೊಟ್ಟಿನ ಗುಡ್ಡೆಯೊಳಗೆ ಕಬ್ಬಿಣದ ಸಲಾಕೆ ತೂರಿಸಿ, ಅದರ ಮರದ ಹಿಡಿಗೆ ಕಿವಿ ಹಚ್ಚಿ ಕೂತಿದ್ದಾರೆ. ವೈದ್ಯರು ಎದೆಬಡಿತ ಕೇಳುವುದನ್ನು ನೋಡಿದ್ದೇನೆ, ಗುಡ್ಡೆಯ ಬಡಿತ ಕೇಳುವವರನ್ನು ನೋಡಿದ್ದು ಇದೇ ಮೊದಲು.

"ಅಮ್ಮಾ, ಏನು ಕೇಳಿಸ್ತದೆ?" ಎನ್ನುತ್ತೇನೆ.

"ಸುಮ್ಕಿರ್ರಿ ಸರ. ಗೆಣಸು ಮಾತಾಡಾಕತ್ತೈತಿ."

ಗುಡ್ಡೆಯೊಳಗೆ ಮಣ್ಣಿನ ಗಡಿಗೆಯಿದೆ. ತಳಕ್ಕೆ ಜೋಳದ ದಂಟು, ಮೇಲೆ ಉಪ್ಪು ಸವರಿದ ಹದಿನೈದು ಕಿಲೋ ಗೆಣಸು, ಬಾಯಿಗೆ ಮುಚ್ಚಳವಿಟ್ಟು ಎರೆಮಣ್ಣಿಗೆ ಬೂದಿ ಕಲಸಿ ಮೆತ್ತಿದ ಮೊಹರು. ಒಂದು ಹನಿ ನೀರಿಲ್ಲ. ನಸುಕಿನ ನಾಲ್ಕು ಗಂಟೆಗೆ ಹೊಟ್ಟಿಗೆ ಕಿಡಿ ಹಚ್ಚಿದರೆ ಗೆಣಸು ತನ್ನ ನೀರಿನಲ್ಲೇ ಬೇಯುತ್ತದೆ. ಮೊಹರನ್ನು ನಡುವೆ ಒಡೆದು ನೋಡುವಂತಿಲ್ಲ, ಒಡೆದರೆ ಹಬೆ ಹೋಗಿ ಗೆಣಸು ನಾರುನಾರು. ದಿನಕ್ಕೆ ಎರಡು ಗಡಿಗೆ, ನಾಲ್ಕು ಚೀಲ ಹೊಟ್ಟು. ಚಳಿಗಾಲದ ಮೂರು ತಿಂಗಳಷ್ಟೇ ಈ ಕಸುಬು, ಅದಕ್ಕೀಗ ಇಪ್ಪತ್ತೆರಡು ವರ್ಷ. ಹೊಟ್ಟು ತರುವವರು ಗಂಡ ಬುಡ್ಡೇಸಾಬ್, ಅಕ್ಕಿ ಮಿಲ್ಲಿನ ಹಮಾಲಿ.

ಹತ್ತೊಂಬತ್ತು ವರ್ಷ ಮಕ್ತುಂಬೀ ಗಡಿಗೆ ಇಳಿಸಿದ್ದು ಬರೀ ಮೂಗಿನ ಮೇಲೆ. ಹೊಟ್ಟಿನ ಹೊಗೆಯ ನಡುವೆ ಸಿಹಿ ವಾಸನೆಯ ಎಳೆ ಬಂದರೆ ಮುಗಿಯಿತು. ಮೂರು ವರ್ಷದ ಹಿಂದೆ ಒಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ಕೊಂಡೊಯ್ದಿತು.

"ಯಾರಿಗೂ ಹೇಳಲಿಲ್ರಿ. ಸಿಂಧನೂರು ಬಸ್ ಬರೂ ಟೈಮಿಗೆ ತೆಗದ್ರಾತು ಅಂದ್ಕೊಂಡೆ. ಒಂದಿನ ಮಂಜು ಬಿದ್ದು ಬಸ್ ತಡಾ ಆತು. ಬಸ್ ಸ್ಟ್ಯಾಂಡಿನ ಮಂದೆಲ್ಲಾ 'ಹೊತ್ತಿದ ವಾಸನಿ, ಹೊತ್ತಿದ ವಾಸನಿ' ಅಂತ ಒದರಾಕತ್ತಿತ್ತು. ಬಾಜೂಕ ಕುಂತಾಕಿ ನನಗೊಬ್ಬಾಕಿಗೇ ಗೊತ್ತಿಲ್ಲ!" ಎಂದು ನಗುತ್ತಾರೆ. ಅವತ್ತು ಮಾತ್ರ ಸೆರಗು ಬಾಯಿಗಿಟ್ಟುಕೊಂಡು ಅತ್ತರಂತೆ.

ಆಗ ಒದಗಿದ್ದು ಪಕ್ಕದ ಚಹಾದಂಗಡಿಯ ಆದೆಮ್ಮನ ಮೂಗು. ಚಹಾ ಸೋಸುತ್ತಲೇ "ಬಂತು ಬೇ, ತೆಗೀ" ಎಂದು ಕೂಗುತ್ತಿದ್ದರು. ಎಷ್ಟು ದಿನ ಇನ್ನೊಬ್ಬರ ಮೂಗು? ಮಕ್ತುಂಬೀ ಸಲಾಕೆ ಹಿಡಿದು ಗಡಿಗೆಯ ಸದ್ದು ಕಲಿತರು. ಮೊದಲು ಕೊತಕೊತ, ಆಮೇಲೆ ಚುಂಯ್. ರಸ ತಳಕ್ಕಿಳಿದು ಅಂಟಿದಾಗ ಪಟ್. ಎರಡನೇ ಪಟ್‌ಗೆ ಗಡಿಗೆ ಹೊರಗಿರಬೇಕು. ಆದರೂ ಕೊನೆಯ ಮಾತು ಆದೆಮ್ಮನದೇ ಆಗಿತ್ತು. ಮೊನ್ನೆ ಆಕೆ ಮಗಳ ಬಾಣಂತನಕ್ಕೆಂದು ಲಿಂಗಸುಗೂರಿಗೆ ಹೋದರು. ಎರಡು ದಿನ ಮಕ್ತುಂಬೀ ಹೊಟ್ಟಿಗೆ ಕಿಡಿ ಹಚ್ಚಿಲ್ಲ. ಇವತ್ತು ಅವರ ಕಿವಿಯೊಂದೇ ಗತಿ.

"ಇವತ್ತು ಕೆಟ್ರ ಮುಂದ ಗಡಿಗಿ ಮುಟ್ಟಂಗಿಲ್ಲಂತ ಇವರಿಗೆ ಹೇಳೀನಿ" ಎಂದು ಗಂಡನ ಕಡೆ ಕೈ ತೋರುತ್ತಾರೆ.

ಆರೂಕಾಲು. ಬುಡ್ಡೇಸಾಬ್ ಚಡಪಡಿಸುತ್ತಾರೆ. "ಟೈಮ್ ಆತಲ್ಲ, ತೆಗೀ. ಹೊತ್ತೀತು."

"ಇದು ದಢೇಸುಗೂರಿನ ಗೆಣಸು ರೀ. ಕಾಲುವಿ ನೀರು ಕುಡದೈತಿ, ತಡಾ ಬೇಯ್ತೈತಿ. ಇನ್ನಾ ಚುಂಯ್ ಅನ್ನಾಕತ್ತೈತಿ."

"ನಿನ್ನ ಕಿವಿ ಏನ್ ಗಡಿಯಾರೇನ?"

"ಗಡಿಯಾರ ನಂಬೇ ಒಮ್ಮೆ ಸುಟ್ಕೊಂಡೀನಿ. ಸುಮ್ನ ಕುಂದರ್ರಿ."

ಅಷ್ಟರಲ್ಲಿ ವಳಕಮದಿನ್ನಿಗೆ ಭತ್ತದ ನಾಟಿಗೆ ಹೊರಟ ಹೆಂಗಸರ ಆಟೋ ಬಂದು ನಿಲ್ಲುತ್ತದೆ. ಮಧ್ಯಾಹ್ನದ ತನಕ ತಣ್ಣನೆಯ ಕೆಸರಿನಲ್ಲಿ ನಿಲ್ಲುವವರಿಗೆ ಬಿಸಿ ಗೆಣಸು, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯೇ ಹೊಟ್ಟೆಯ ಕಾವು. ಡ್ರೈವರ್ ಹಾರ್ನ್ ಒತ್ತುತ್ತಾನೆ. ಮಕ್ತುಂಬೀ ಸಿಡುಕಿ ಇನ್ನೊಂದು ಕಿವಿ ಮುಚ್ಚಿಕೊಳ್ಳುತ್ತಾರೆ. ನಾನೂ ಉಸಿರು ಬಿಗಿಹಿಡಿದಿದ್ದೇನೆ, ನನಗೇನಾಗಬೇಕೋ ಕಾಣೆ!

ಇದ್ದಕ್ಕಿದ್ದಂತೆ ಅವರ ಹುಬ್ಬು ಮೇಲೇರುತ್ತದೆ. ಒಂದು ಬೆರಳು ಎತ್ತುತ್ತಾರೆ. ತುಸು ಹೊತ್ತಿಗೆ ಎರಡನೆಯದು. "ತೆಗೀರೀ!"

ಬುಡ್ಡೇಸಾಬ್ ಸಲಿಕೆಯಿಂದ ಬೂದಿ ಸರಿಸಿ, ಗಡಿಗೆ ಎತ್ತಿ, ಮೊಹರು ಒಡೆಯುತ್ತಾರೆ. ಬುಸ್ಸೆಂದು ಹಬೆ. ಮಕ್ತುಂಬೀ ಗೆಣಸಿನ ಕಡೆ ನೋಡುವುದಿಲ್ಲ, ಆಟೋದಿಂದ ಇಳಿದು ಬಂದ ರೇಣುಕಾದೇವಿಯ ಮುಖವನ್ನೇ ನೋಡುತ್ತಾರೆ.

"ವಾಸನಿ ಹೆಂಗೈತಿ, ಹೇಳ ಯವ್ವಾ."

ರೇಣುಕಾದೇವಿ ಒಂದನ್ನು ಮುರಿಯುತ್ತಾರೆ. ಒಳಗೆ ಬೆಣ್ಣೆಯಷ್ಟು ಮೆತ್ತಗೆ, ಸಿಪ್ಪೆಗೆ ಅಂಟಿದ ಕೆಂಪು ರಸ. "ಹೆಂಗೈತಿ ಅಂತೀಯಲ್ಲ ಚಾಚಿ! ಆಟೋದಾಗ ನಿದ್ದಿ ಮಾಡೋರೆಲ್ಲಾ ಎದ್ದು ಬರಾಕತ್ತಾರ, ನೋಡು."

ಮಕ್ತುಂಬೀ ನೋಡುತ್ತಾರೆ. ಹೆಂಗಸರು ಒಬ್ಬೊಬ್ಬರಾಗಿ ಇಳಿಯುತ್ತಿದ್ದಾರೆ. ಮಕ್ತುಂಬೀ ಕಣ್ಣು ಒರೆಸಿಕೊಳ್ಳುತ್ತಾರೆ, ಹೊಗೆ ಎನ್ನುತ್ತಾರೆ, ನಾನು ನಂಬುವುದಿಲ್ಲ. ಗಡಿಗೆ ಅರ್ಧ ಖಾಲಿಯಾದ ಮೇಲೆ ಗಂಡನ ಮೊಬೈಲಿನಿಂದ ಲಿಂಗಸುಗೂರಿಗೆ ಫೋನು ಹೋಗುತ್ತದೆ.

"ಆದೆಮ್ಮಾ, ಕೂಸು ಚಲೋ ಐತಿಲ್ಲೋ? ಅವಸರ ಮಾಡಿ ಬರಬ್ಯಾಡ ಬೇ. ಬಾಣಂತನ ಪೂರಾ ಮುಗಿಸ್ಕೊಂಡೇ ಬಾ. ಇಲ್ಲಿ ಗಡಿಗಿ ಹೊತ್ತಿಲ್ಲ."