ಅಡುಗೆಮನೆಯಲ್ಲಿ ಕೊಂಢವಾ

ಆ ಮೊಬೈಲು ಬೂದು ಬಣ್ಣದ್ದೋ ನೀಲಿಯದೋ, ನನಗೆ ಖಾತ್ರಿಯಿಲ್ಲ. ಅದನ್ನು ಕೊಂಡ ವರ್ಷವನ್ನೂ ಆಚೀಚೆ ಮಾಡುತ್ತಿರಬಹುದು. ಎರಡು ಸಾವಿರದ ನಂತರದ ಮೊದಲ ಕೆಲವು ವರ್ಷಗಳಲ್ಲಿ ಯಾವುದೋ ಒಂದು. ನಾನು ಆಗ ಪುಣೆಯಲ್ಲಿ ಎಂ.ಎ. ಓದುತ್ತ ಧನಕವಡಿ ಬಡಾವಣೆಯ ಕಾಕಾ-ಕಾಕು, ಅಂದರೆ ಚಿಕ್ಕಪ್ಪ-ಚಿಕ್ಕಮ್ಮನ ಮನೆಯಲ್ಲಿದ್ದೆ. ದಿನಚರಿ ಬರೆಯುವ ರೂಢಿ ಆಗಲೂ ಇತ್ತು. ಆದರೆ ಅದರ ತುಂಬ ಪ್ರಾಧ್ಯಾಪಕರ ಮೇಲಿನ ದೂರುಗಳಿವೆ, ಮನೆಯ ಸುದ್ದಿ ಕಡಿಮೆ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ನಾನು ಕಂಡದ್ದೆಷ್ಟು, ಊಟದ ಹೊತ್ತಿನಲ್ಲಿ ಮತ್ತೆ ಮತ್ತೆ ಕೇಳಿ ನನ್ನದು ಅಂದುಕೊಂಡದ್ದೆಷ್ಟು ಎಂದು ಬೇರ್ಪಡಿಸಲಾರೆ.

ಆಗ ನನಗೆ ತಿಳಿಯದೇ ಇದ್ದ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಕಾಕಾನ ಕಣ್ಣಿಗೆ ಪೊರೆ ಬಂದಿತ್ತು. ದೂರದ್ದೆಲ್ಲ ಮಬ್ಬು; ಮೂಗಿನ ಹತ್ತಿರ ಹಿಡಿದದ್ದು ಮಾತ್ರ ಚಷ್ಮಾ ಇಲ್ಲದೆಯೂ ಚೆನ್ನಾಗಿ ಕಾಣುತ್ತಿತ್ತು. ಅವರು ಅದನ್ನು ಯಾರಿಗೂ ಹೇಳಿರಲಿಲ್ಲ. ನಮ್ಮ ಅಜ್ಜನ ಒಂದು ಕಣ್ಣು ಆಪರೇಷನ್ ಆದಮೇಲೆ ಹೋಗಿಬಿಟ್ಟಿತ್ತು, ಆ ಹೆದರಿಕೆ ಒಂದು. ಇನ್ನೊಂದು, ಕೆಲಸ. ಊದುಬತ್ತಿಯ ಸಗಟು ವ್ಯಾಪಾರಿಯೊಬ್ಬರ ಪರವಾಗಿ ಊರೆಲ್ಲ ತಿರುಗಿ ಅಂಗಡಿಗಳಿಂದ ಆರ್ಡರು ತರುವುದು ಅವರ ಉದ್ಯೋಗ. ಕಣ್ಣಿನ ವಿಷಯ ಗೊತ್ತಾದರೆ ಮಾಲಕರು ಅವರನ್ನು ಅಂಗಡಿಯ ಗಲ್ಲೆಯ, ಹಣದ ಪೆಟ್ಟಿಗೆಯ ಹಿಂದೆ ಕೂಡಿಸುತ್ತಾರೆ. ಕಾಕಾಗೆ ಒಂದು ಕಡೆ ಕೂಡ್ರುವುದು ಅಂದರೆ ಶಿಕ್ಷೆ. ತೊಂಬತ್ತರ ದಶಕದಲ್ಲಿ ನಾನು ಸಣ್ಣವಳಿದ್ದು ರಜೆಗೆ ಬಂದಾಗ ಬಸ್ಸಿನ ಕಿಟಕಿಯಿಂದ ಅಂಗಡಿಗಳ ಬೋರ್ಡು ಓದಿಸಿ ಮರಾಠಿ ಕಲಿಸಿದವರು ಅವರೇ. ಆಗ ಮನೆಯಲ್ಲಿ ಫೋನೂ ಇರಲಿಲ್ಲ. ಊರಿನಿಂದ ಕರೆ ಬಂದರೆ ಕೆಳಗಿನ ಎಸ್‌ಟಿಡಿ ಬೂತಿನವರು ಕೂಗುತ್ತಿದ್ದರು.

ಕಾಕಾಗೆ ಮೊಬೈಲು ಕೊಳ್ಳಲು ಮೂವರೂ ಹೋಗಿದ್ದೆವು. ಗಾಜಿನ ಪೆಟ್ಟಿಗೆಯೊಳಗೆ ಹಲವು ಹ್ಯಾಂಡ್‌ಸೆಟ್‌ಗಳಿದ್ದವು. ಆ ಕಾಲದ ಕೆಲವು ಫೋನುಗಳಲ್ಲಿ ಒಂದು ವಿಶೇಷವಿತ್ತು, ಈಗ ಅದನ್ನು ನೆನೆಸುವವರು ಕಡಿಮೆ. ನಾವು ಎಲ್ಲಿದ್ದೇವೋ ಅಲ್ಲಿಯ ಟವರು ಆ ಭಾಗದ ಹೆಸರನ್ನು ಕಳಿಸುತ್ತಿತ್ತು, ಅದು ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಮೂಡುತ್ತಿತ್ತು. ಮುಂದಿನ ಟವರಿನ ಸೀಮೆಗೆ ಹೋದರೆ ಹೆಸರು ಬದಲಾಗುತ್ತಿತ್ತು. ಅಂಗಡಿಯಲ್ಲಿ ನಮ್ಮ ಪೈಕಿ ಯಾರೋ ಒಬ್ಬರು, "ಹೆಸರು ಬರೋದು ಯಾವುದದ, ಅದನ್ನ ತೋರಸ್ರಿ" ಎಂದಿದ್ದರು. ಮಾತು ನೆನಪಿದೆ. ದನಿ ಯಾರದು ಎಂದು ನೆನೆಸಿಕೊಳ್ಳಲು ಹೋದರೆ ಒಮ್ಮೆ ಕಾಕಾನದಾಗುತ್ತದೆ, ಒಮ್ಮೆ ಕಾಕುವಿನದು. ಅಂಗಡಿಯವರ ಜೊತೆ ಮರಾಠಿಯಲ್ಲೇ ಮಾತಾಡಿರಬೇಕು, ಆದರೆ ನನಗೆ ಅದು ಕನ್ನಡದಲ್ಲೇ ಕೇಳಿಸುತ್ತದೆ. ಅಂದಮೇಲೆ ಈ ನೆನಪನ್ನು ಎಷ್ಟು ನಂಬಬೇಕು?

ಮನೆಗೆ ತಂದ ದಿನವೇ ಒಂದು ತಮಾಷೆಯಾಯಿತು. ಮುಂದಿನ ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ ನಿಂತರೆ ಪರದೆ ಧನಕವಡಿ ಎನ್ನುತ್ತಿತ್ತು. ಅಡುಗೆಮನೆಗೆ ಒಯ್ದರೆ ಆಚೆಯ ಬಡಾವಣೆ, ಕೊಂಢವಾ. ಅಡುಗೆಮನೆಯ ಕಿಟಕಿ ಪೂರ್ವಕ್ಕಿತ್ತು, ಆ ಕಡೆಯ ಗುಡ್ಡದ ಟವರು ಅಲ್ಲಿಗೆ ಜೋರಾಗಿ ಸಿಗುತ್ತಿದ್ದಿರಬೇಕು.

"ಇಷ್ಟ ವರ್ಷ ಸುಮ್ನ ದುಡದೆ ನೋಡ್ರಿ," ಎಂದರು ಕಾಕು. "ಕೊಂಢವಾದಾಗ ಅಡಿಗಿ ಮಾಡೋದು, ಧನಕವಡ್ಯಾಗ ತಂದು ಬಡಸೋದು."

"ಹಂಗಾರ ದಿನಾ ರಿಕ್ಷಾದ ಖರ್ಚು ಕೇಳ್ತಿಯೇನು ಈಗ?"

"ಮೀಟರಿನ ಪ್ರಕಾರ ಕೊಡ್ರಿ, ಹೆಚ್ಚಿಗಿ ಬ್ಯಾಡ."

ಅಲ್ಲಿಂದ ಮುಂದೆ ನೀರು ಬೇಕಾದರೆ "ಕೊಂಢವಾಕ್ಕ ಹೋಗಿ ಒಂದು ತಂಬಿಗಿ ತಗೊಂಡು ಬಾ" ಎನ್ನುವುದು ಮನೆಯ ಮಾತಾಯಿತು. ಊರಿನ ಹೆಸರು ಬೋರ್ಡಿನ ಮೇಲೆ ಬರೆದು ನೆಲದಲ್ಲಿ ಹುಗಿಯುವಂಥದ್ದು ಎಂದು ನಂಬಿದ್ದೆವು. ಅದು ಗಾಳಿಯಲ್ಲಿ ಬಂದು ನಮ್ಮ ಹೊಸ್ತಿಲಿನ ಮೇಲೆ ಗಡಿ ಹಾಕಿದ್ದು ನಗೆಯ ವಿಷಯವಾಗಿತ್ತು, ಅಷ್ಟೇ. ಇದರ ಬಗ್ಗೆ ಏನೋ ದೊಡ್ಡದಾಗಿ ಯೋಚಿಸಿದ್ದೆ ಎಂದು ಬರೆಯಲು ಮನಸ್ಸಾಗುತ್ತದೆ. ಯೋಚಿಸಿರಲಿಲ್ಲ.

ಕಾಕಾ ಆ ಫೋನನ್ನು ಬಿಟ್ಟಿರುತ್ತಿರಲಿಲ್ಲ. ಅವರ ಜೊತೆ ಬಸ್ಸಿನಲ್ಲಿ ಹೋದರೆ ದಾರಿಯುದ್ದಕ್ಕೂ ಅದನ್ನು ಮುಖಕ್ಕೆ ಹಿಡಿದುಕೊಂಡೇ ಇರುತ್ತಿದ್ದರು. "ಕಾಕಾ, ವಾಸನಿ ಹೆಂಗದ ಅದರದು?" ಎಂದು ನಾನು ಕಾಡಿಸುತ್ತಿದ್ದೆ. "ಊದುಬತ್ತಿದು ಬರ್ತದ ನೋಡು, ಮೋಗರಾ" ಎಂದು ನಗುತ್ತಿದ್ದರು. ಅವರ ಕೈಚೀಲ, ಅಂಗಿ, ಎಲ್ಲಕ್ಕೂ ಆ ವಾಸನೆ ಇತ್ತು. ಬೋರ್ಡು ಓದುವುದನ್ನು ಅವರು ಯಾವಾಗ ಬಿಟ್ಟರೋ ನಾನು ಗಮನಿಸಿರಲಿಲ್ಲ. ಎಲ್ಲಿ ಇಳಿಯಬೇಕು ಎಂಬುದನ್ನು ಅವರು ಪರದೆ ನೋಡಿ ತಿಳಿಯುತ್ತಿದ್ದರು. ಯಾರನ್ನಾದರೂ ಕೇಳಬಹುದಿತ್ತು ನಿಜ. ಆದರೆ ಎಷ್ಟೋ ವರ್ಷದ ದಾರಿ, ಕಂಡಕ್ಟರುಗಳಿಗೆಲ್ಲ ಪರಿಚಯದ ಮುಖ. ಅಂಥವರು ಒಂದು ದಿನ "ಈ ಸ್ಟಾಪು ಯಾವುದು?" ಎಂದು ಕೇಳಿದರೆ ಸುದ್ದಿ ಅಂಗಡಿಯಿಂದ ಅಂಗಡಿಗೆ ಹೋಗಿ ಮಾಲಕರ ಕಿವಿ ಮುಟ್ಟುತ್ತದೆ.

ವಾರಕ್ಕೊಮ್ಮೆ ಪುಣೆಯ ಹೊರಗಿನ ದೇಹೂ ರೋಡ್ ಎಂಬ ಊರಿನ ಸರದಿ. ದಂಡಿನ ಪ್ರದೇಶದ ಪಕ್ಕದ ಅಂಗಡಿಗಳಿಂದ ಒಳ್ಳೆಯ ಆರ್ಡರು ಸಿಗುತ್ತಿತ್ತು. ಅಂಥ ಒಂದು ದಿನ, ದಾರಿಯಲ್ಲಿನ ನಿಗಡಿ ದಾಟುವವರೆಗೂ ಹೆಸರುಗಳು ಬರುತ್ತಿದ್ದವಂತೆ. ಆಮೇಲೆ ಪರದೆಯ ಮೇಲೆ ಜಾಹೀರಾತು ಬಂತು: ಈ ನಂಬರಿಗೆ ಮೆಸೇಜು ಕಳಿಸಿ, ಹೊಸ ಹಾಡಿನ ರಿಂಗ್‌ಟೋನ್ ಪಡೆಯಿರಿ. ಕಂಪನಿಯವರು ಊರಿನ ಹೆಸರಿನ ಜಾಗವನ್ನು ಜಾಹೀರಾತಿಗೆ ಬಳಸತೊಡಗಿದ್ದರು. ಈಗ ಹೋಗುತ್ತದೆ, ಹೆಸರು ಬರುತ್ತದೆ ಎಂದು ಕಾಕಾ ಕೂತೇ ಇದ್ದರು. ಬಸ್ಸು ದೇಹೂ ರೋಡ್ ದಾಟಿ ಹೆದ್ದಾರಿಗುಂಟ ಹೋಯಿತು. ಕೊನೆಗೆ ಗಾಬರಿಯಾಗಿ ಎಲ್ಲೋ ಇಳಿದು, ಅಷ್ಟರಲ್ಲಿ ಮನೆಗೆ ಬಂದಿದ್ದ ಲ್ಯಾಂಡ್‌ಲೈನಿಗೆ ಫೋನು ಹಚ್ಚಿದರು.

ಎತ್ತಿದವಳು ನಾನು. "ತಂಗಿ, ಕಾಕುಗ ಕೊಡು" ಎಂದರು, ಅಷ್ಟೇ. ಕಾಕು ಹಿಟ್ಟಿನ ಕೈಯಲ್ಲೇ ರಿಸೀವರು ಹಿಡಿದರು. ಈ ಭಾಗ ಮಾತ್ರ ನನಗೆ ಖಂಡಿತ ನೆನಪಿದೆ, ಯಾಕೆಂದರೆ ಒಂದು ಕಡೆಯ ಮಾತಷ್ಟೇ ಕೇಳಿ ಅರ್ಥವಾಗದೆ ಪಕ್ಕದಲ್ಲೇ ನಿಂತಿದ್ದೆ.

"ಫೋನ್ ಹಚ್ಚೂಕಿಂತ ಮೊದಲ ಅದರಾಗ ಏನ್ ಬರದಿತ್ತು?" ಕಾಕು ಕೇಳಿದ ಮೊದಲ ಪ್ರಶ್ನೆ ಅದು. ಆಮೇಲೆ, "ಹಾಡು ಯಾವನಿಗೆ ಬೇಕಾಗ್ಯಾವ. ಊರಿನ ಹೆಸರು ಬರಲಿಲ್ಲೇನು?" ಕೊನೆಗೆ, "ನೀವು ಯಾರಿಗೂ ಏನೂ ಕೇಳಬ್ಯಾಡ್ರಿ. ಮಗ್ಗಲದಾಗ ಇದ್ದವರ ಕೈಯಾಗ ಫೋನ್ ಕೊಡ್ರಿ, ನಾ ಕೇಳ್ತೀನಿ" ಎಂದರು. ಫೋನು ಚಹಾ ಮಾರುವ ಹೆಂಗಸಿನ ಕೈಗೆ ಹೋಯಿತು. ಕಾಕು ದನಿ ಬದಲಿಸಿ ಮರಾಠಿಯಲ್ಲಿ ಅದು ಯಾವ ಜಾಗ ಎಂದು ವಿಚಾರಿಸಿ, ಅವರನ್ನು ಅಲ್ಲೇ ಕೂಡಿಸಿರಿ, ನಾನು ಬರುತ್ತೇನೆ ಎಂದು ಹೇಳಿ ಇಟ್ಟರು. ಕೈ ತೊಳೆದುಕೊಂಡು, ಸೀರೆ ಬದಲಿಸಿ ಹೊರಟರು.

ಆ ಚಹಾದ ಅಂಗಡಿಯನ್ನು ನಾನೇ ಕಂಡಂತೆ ಎಷ್ಟೋ ವರ್ಷ ನಂಬಿದ್ದೆ. ತಗಡಿನ ಚಪ್ಪರ, ಬೆಂಚಿನ ಮೇಲೆ ಮೊಣಕಾಲಿನ ಮೇಲೆ ಚೀಲ ಇಟ್ಟುಕೊಂಡು ಕೂತ ಕಾಕಾ. ದಿನಚರಿಯ ಪ್ರಕಾರ ಆ ಮಧ್ಯಾಹ್ನ ನಾನು ಮನೆಯಲ್ಲೇ ಕೂತು ಪ್ರಬಂಧ ಬರೆದಿದ್ದೇನೆ. ಅಲ್ಲಿ ನಡೆದ ಮಾತು ಕಾಕಾನ ಬಾಯಿಂದ ಕೇಳಿದ್ದಿರಬೇಕು.

"ನೀ ಯಾಕ ಬರಾಕ ಹೋದಿ? ಅಡಿಗಿ?"

"ಕೊಂಢವಾದಾಗ ಮುಚ್ಚಿಟ್ಟು ಬಂದೀನಿ. ಏಳ್ರಿ."

ಮರುದಿನ ಬೆಳಿಗ್ಗೆ ಕಾಕಾ ತಾವೇ ಮಾಲಕರಿಗೆ ಕಣ್ಣಿನ ವಿಷಯ ಹೇಳಿದರು. ಮಾಲಕರು ಸಿಟ್ಟಾಗಲಿಲ್ಲ, "ಮೊದಲ ಹೇಳಬಾರದೇನ್ರಿ" ಎಂದು ಬೇಜಾರು ಮಾಡಿಕೊಂಡು ಗಲ್ಲೆಯ ಹಿಂದೆ ಒಂದು ಕುರ್ಚಿ ಹಾಕಿಸಿದರು. ತಿರುಗಾಟಕ್ಕೆ ಬೇರೆಯವರು ಬಂದರು. ಕೆಲವು ತಿಂಗಳ ನಂತರ ಕಾಕಾ ಧೈರ್ಯ ಮಾಡಿ ಆಪರೇಷನ್ ಮಾಡಿಸಿಕೊಂಡರು, ಚೆನ್ನಾಗಿಯೇ ಆಯಿತು. ಬಸ್ಸಿನ ಬೋರ್ಡು ರಸ್ತೆಯ ಆ ತುದಿಯಿಂದ ಕಾಣತೊಡಗಿತು. ಆದರೆ ಫೋನಿನ ಅಕ್ಷರ ಓದಲು ಈಗ ಚಷ್ಮಾ ಬೇಕಾಯಿತು. ಅಷ್ಟರಲ್ಲಿ ಆ ದಾರಿ ಇನ್ನೊಬ್ಬರದಾಗಿತ್ತು, ಅವರನ್ನು ತೆಗೆಯಿರಿ ಎಂದು ಕಾಕಾ ಕೇಳಲಿಲ್ಲ. ನಿವೃತ್ತರಾಗುವವರೆಗೂ ಅದೇ ಕುರ್ಚಿಯಲ್ಲಿ ಕೂತರು.

ನನ್ನನ್ನು ಕೊರೆಯುವುದು ಕಾಕುವಿನ ಆ ಮೊದಲ ಪ್ರಶ್ನೆ. ದಾರಿ ತಪ್ಪಿದ ಗಂಡನಿಗೆ, ಸುತ್ತ ಏನು ಕಾಣುತ್ತದೆ ಎಂದು ಯಾರಾದರೂ ಕೇಳುತ್ತಾರೆ. ಅವರು ಪರದೆಯ ಮೇಲೆ ಏನಿತ್ತು ಎಂದು ಕೇಳಿದರು. ಅಂದರೆ ಕಣ್ಣಿನ ವಿಷಯ ಅವರಿಗೆ ಗೊತ್ತಿತ್ತು. ಯಾವಾಗಿನಿಂದ ಎನ್ನುವುದಷ್ಟೇ ಉಳಿದದ್ದು. ಫೋನು ಕೊಳ್ಳುವಾಗಲೇ ಗೊತ್ತಿದ್ದರೆ, ಅಷ್ಟೂ ದಿನ ಕಾಕಾನ ಗುಟ್ಟನ್ನು ಕಾಕಾಗೂ ತಿಳಿಯದ ಹಾಗೆ ಕಾಕು ಕಾಯುತ್ತಿದ್ದರು. ಆಗಲೇ ಬಾಯಿಬಿಟ್ಟು ಆಸ್ಪತ್ರೆಗೆ ಕರೆದೊಯ್ದಿದ್ದರೆ ಕಾಕಾನ ತಿರುಗಾಟ ಉಳಿಯುತ್ತಿತ್ತೇನೋ. ಅಥವಾ ಹೆದರಿಕೆಗೆ ಅವರು ಮನೆಯಲ್ಲೇ ಕೂತುಬಿಡುತ್ತಿದ್ದರೇನೋ.

ಆ ದಶಕ ಮುಗಿಯುವ ಹೊತ್ತಿಗೆ, ನಾನು ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೆ, ಒಂದು ಮಧ್ಯಾಹ್ನ ಅದೇ ಅಡುಗೆಮನೆಯಲ್ಲಿ ಕಾಕು ಮೆಂತ್ಯಸೊಪ್ಪು ಬಿಡಿಸುತ್ತ ಕೂತಿದ್ದರು. ಕಾಕಾ ಹೊರಗೆ ಗ್ಯಾಲರಿಯಲ್ಲಿದ್ದರು. ನಾನು ಕೇಳಿದ್ದಕ್ಕೆ ಕಾಕು ತಲೆಯೆತ್ತಿ ಗ್ಯಾಲರಿಯ ಕಡೆ ನೋಡಿದರು, ಮತ್ತೆ ಸೊಪ್ಪಿಗೆ ಕೈ ಹಾಕಿದರು. ನಾನು ಕೇಳಿದ್ದು ಇಷ್ಟೇ:

"ಕಾಕು, ಅವತ್ತ ಅಂಗಡ್ಯಾಗ ಊರಿನ ಹೆಸರು ಬರೋ ಫೋನೇ ಬೇಕಂದವರು ಯಾರು, ಕಾಕಾನೋ ನೀವೋ?"